ಲಕ್ಕಮ್ಮನ ಪುಟ

ಕಳೆದ ಶ್ರಾವಣದ ಪ್ರವಚನದಲ್ಲಿ ನಮ್ಮಿಂದ ಒಂದು ಪ್ರಮಾದವಾಯಿತು. ಕಾಯಕವನ್ನು ಕುರಿತು ಹೇಳುತ್ತ, ಅತಿಯಾಸೆಯನ್ನು ಖಂಡಿಸುವ ಒಂದು ವಚನದ ಭಾವಾರ್ಥವನ್ನು ಆಯ್ದಕ್ಕಿ ಮಾರಯ್ಯನದೆಂದು ವಿವರಿಸಿದೆವು. ಸಭೆಯ ಹಿಂದಿನ ಸಾಲಿನಲ್ಲಿದ್ದ ವೃದ್ಧ ತಾಯಿಯೊಬ್ಬರು ಎದ್ದು ನಿಂತು, "ಅಜ್ಜಾರ, ಅಕ್ಕಿ ಹೆಚ್ಚಿಗಿ ತಂದಾಂವ ಮಾರಯ್ಯ. ಹೊಳ್ಳಿ ಹಾಕಿ ಬಾ ಅಂದಾಕಿ ಲಕ್ಕಮ್ಮ" ಎಂದರು. ಆ ಪ್ರಸಂಗವನ್ನು ನಾವು ಬಾಲ್ಯದಲ್ಲೇ ಮಠದಲ್ಲಿ ಕೇಳಿದ್ದೆವು. ಆದರೂ ತಲೆಯಲ್ಲಿದ್ದುದನ್ನು ಬಿಟ್ಟು ಕೈಯಲ್ಲಿದ್ದ ಕಾಗದವನ್ನು ನಂಬಿದೆವು.

ಆ ಕಾಗದ ಬಂದುದು ನಮ್ಮ ಗಣಕಯಂತ್ರದಿಂದ. ಟಿಪ್ಪಣಿಗಳನ್ನು ಈಗ ಒನ್‌ನೋಟ್ ಎಂಬ ತಂತ್ರಾಂಶದಲ್ಲಿ ಬರೆದಿಡುತ್ತೇವೆ. ಅದರಲ್ಲಿ ಪುಸ್ತಕ, ಪುಸ್ತಕದೊಳಗೆ ವಿಭಾಗ, ವಿಭಾಗದೊಳಗೆ ಪುಟ, ಪುಟದ ಕೆಳಗೆ ಎರಡು ಹಂತದ ಉಪಪುಟಗಳು. ಉಪಪುಟಗಳನ್ನು ಮಡಿಚಿದರೆ ಮೇಲಿನ ಪುಟದ ಹೆಸರೊಂದೇ ಕಾಣುತ್ತದೆ. ನಾವು ಮಾರಯ್ಯನಿಗೆ ಒಂದು ಪುಟ ಮಾಡಿ, ದಂಪತಿಗಳಲ್ಲವೇ ಎಂದು ಲಕ್ಕಮ್ಮನನ್ನು ಅದರ ಕೆಳಗೆ ಉಪಪುಟವಾಗಿ ಇರಿಸಿದ್ದೆವು. ಟಿಪ್ಪಣಿಯಲ್ಲಿ ಭಾವಾರ್ಥವಷ್ಟೇ ಇತ್ತು, ಹೆಸರಿರಲಿಲ್ಲ. ಅದನ್ನು ಬೇರೆಡೆಗೆ ನಕಲು ಮಾಡಿದೊಡನೆ ಅದು ತಬ್ಬಲಿಯಾಯಿತು. ದೋಷ ಯಂತ್ರದ್ದಲ್ಲ, ನಾವು ಕೊಟ್ಟ ಜಾಗದ್ದು.

ವಿಚಾರ ಮಾಡಿದಾಗ ನಾಚಿಕೆ ಹೆಚ್ಚಿತು. ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಅದರಲ್ಲಿ ಪತಿಯ ಹೆಸರಿದೆ, ನಿಜ. ಆದರೆ ವಚನ ನುಡಿದವಳು ಆಕೆ, ಪತಿಗೆ ಎಚ್ಚರ ಹೇಳಿದವಳೂ ಆಕೆ. 1993ರಲ್ಲಿ ಕರ್ನಾಟಕ ಸರ್ಕಾರ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದಲ್ಲಿ ಶಿವಶರಣೆಯರಿಗೆಂದೇ ಒಂದು ಸಂಪುಟವಿದೆ. ಅಚ್ಚಿನ ವಿದ್ವಾಂಸರು ಕೊಟ್ಟ ಗೌರವವನ್ನು ನಾವು ಒಂದು ಗುಂಡಿಯೊತ್ತಿ ಕಿತ್ತುಕೊಂಡಿದ್ದೆವು.

ಹಾಗಾದರೆ ಯಾವುದನ್ನು ಯಾವುದರ ಒಳಗಿಡಬೇಕು? ನಮ್ಮ ಶಾಸ್ತ್ರವೇ ಇದಕ್ಕೆ ಹಳೆಯ ಮಾದರಿ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು ಒಡೆದು ಅಂಗಸ್ಥಲ 44, ಲಿಂಗಸ್ಥಲ 57, ಒಟ್ಟು 101 ಆಗುತ್ತವೆ. ಅಲ್ಲಿ ಒಳಗಿನದು ಹೊರಗಿನದರ ಅಂಶವೇ ಆಗಿರುವುದರಿಂದ ಎಷ್ಟು ಆಳಕ್ಕೆ ಇಳಿದರೂ ದಾರಿ ತಪ್ಪುವುದಿಲ್ಲ. ಲಕ್ಕಮ್ಮ ಮಾರಯ್ಯನ ಅಂಶವಲ್ಲ. ಸಂಬಂಧ ಬೇರೆ, ಅಂತರ್ಗತವಾಗುವುದು ಬೇರೆ. ಸಂಬಂಧವಿದ್ದಲ್ಲಿ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು, ಒಂದರ ಕೊಂಡಿಯನ್ನು ಇನ್ನೊಂದರಲ್ಲಿ ಅಂಟಿಸಿದರೆ ಸಾಕು.

ಫ.ಗು. ಹಳಕಟ್ಟಿಯವರು 1923ರ 'ವಚನಶಾಸ್ತ್ರಸಾರ'ದಲ್ಲಿ ವಚನಗಳನ್ನು ವಿಷಯಾನುಸಾರವಾಗಿ ಜೋಡಿಸಿದರು. 1993ರ ಸಂಪುಟಗಳು ವಚನಕಾರರನ್ನು ಅನುಸರಿಸಿದವು. ಕಾಗದದ ಗ್ರಂಥಕ್ಕೆ ಒಂದೇ ಕ್ರಮ ಸಾಧ್ಯ. ಯಂತ್ರದಲ್ಲಿ ವಚನವನ್ನು ವಚನಕಾರರ ಪುಟದಲ್ಲಿ ಒಮ್ಮೆ ಮಾತ್ರ ಬರೆದು, ಸ್ಥಲದ ಪುಟದಲ್ಲಿ ಕೊಂಡಿಯನ್ನಷ್ಟೇ ಇಡಬಹುದು. ಎರಡು ಸ್ಥಲಗಳಿಗೆ ಸಲ್ಲುವ ವಚನವಿದ್ದರೆ ಎರಡು ಕೊಂಡಿಗಳು. ಎರಡೂ ಕಡೆ ನಕಲು ಮಾಡಿದರೆ, ಒಂದನ್ನು ತಿದ್ದಿದಾಗ ಇನ್ನೊಂದು ತಪ್ಪಾಗಿಯೇ ಉಳಿಯುತ್ತದೆ. ಈ ಫಜೀತಿಯನ್ನೂ ನಾವು ಅನುಭವಿಸಿದ್ದೇವೆ.

ಪ್ರತಿ ಟಿಪ್ಪಣಿಯ ಕೊನೆಯಲ್ಲಿ ಈಗ ವಚನಕಾರರ ಹೆಸರು, ಸಂಪುಟ, ವಚನಸಂಖ್ಯೆ ಬರೆಯುತ್ತೇವೆ. ಶರಣರು ಈ ಕೆಲಸವನ್ನು ಮೊದಲೇ ಮಾಡಿದ್ದರು. ಓಲೆಗರಿ ಎಲ್ಲಿಂದೆಲ್ಲಿಗೆ ಹೋದರೂ ಅಂಕಿತ ವಚನದೊಳಗೇ ಇರುತ್ತಿತ್ತು. ನಮ್ಮ ಭಾವಾರ್ಥಕ್ಕೆ ಮಾತ್ರ ಅಂಕಿತವಿರಲಿಲ್ಲ. 'ಇತರೆ' ಎಂಬ ವಿಭಾಗವನ್ನು ಅಳಿಸಿಹಾಕಿದ್ದೇವೆ. ಅದು ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯಂತೆ, ಹಾಕಿದ್ದಷ್ಟೇ ನೆನಪು.

ಆ ತಾಯಿಯವರಿಗೆ ಅಂದೇ ಸಭೆಯಲ್ಲಿ ಶರಣಾರ್ಥಿ ಹೇಳಿ ತಪ್ಪೊಪ್ಪಿಕೊಂಡೆವು. ಊರಿಗೆ ಮರಳಿ ಲಕ್ಕಮ್ಮನಿಗೆ ಸ್ವತಂತ್ರ ಪುಟ ಮಾಡಿದೆವು. ಜೇಡರ ದಾಸಿಮಯ್ಯನ ಪುಟದ ಕೆಳಗೆ ದುಗ್ಗಳೆ ಇನ್ನೂ ಹಾಗೆಯೇ ಇದ್ದಾಳೆ; ನಾಳೆ ಪೂಜೆ ಮುಗಿದ ಬಳಿಕ ಆಕೆಯನ್ನು ಹೊರತರಬೇಕಾಗಿದೆ.