ಇಡಿಯಾಗಿ ಆಲಿಸುವ ಸುಖ



ಮಠದ ಪಾಠಶಾಲೆಯಲ್ಲಿ ಶಾಸ್ತ್ರಾಭ್ಯಾಸ ಮಾಡಿದ ನಮ್ಮಂಥವರು ದೇಶವಿದೇಶಗಳ ಧ್ವನಿಮುದ್ರಿಕೆಗಳನ್ನು ಕುರಿತು ಬರೆಯುವುದು ಕೆಲವರಿಗೆ ಸೋಜಿಗವೆನಿಸಬಹುದು. "ಪಿಯಾನೋಕ್ಕೂ ನಿಮಗೂ ಏನು ಸಂಬಂಧ, ಶಾಸ್ತ್ರಿಗಳೆ?" ಎಂದು ಆತ್ಮೀಯರು ಕೇಳಿರುವುದೂ ಉಂಟು. ಗುರುಗಳ ಎದುರು ಕುಳಿತು ನಾವು ಮೊದಲು ಕಲಿತ ವಿದ್ಯೆ ಆಲಿಸುವುದೇ ಆಗಿತ್ತು. ಶ್ರವಣ, ಮನನ, ನಿದಿಧ್ಯಾಸನ ಎಂಬ ಕ್ರಮದಲ್ಲಿ ಶ್ರವಣಕ್ಕೆ ಮೊದಲ ಸ್ಥಾನ. ಸಂಗೀತದ ಮುಂದೆಯೂ ಆ ಕ್ರಮವನ್ನೇ ಇಟ್ಟುಕೊಂಡಿದ್ದೇವೆ.

ಈಗ ಮನೆಗಳಲ್ಲಿ ಸಂಗೀತಕ್ಕೆ ಬರವಿಲ್ಲ. ಬರವಿರುವುದು ಆಲಿಸುವ ತಾಳ್ಮೆಗೆ. ಮೊಬೈಲಿನಲ್ಲಿ ಒಂದು ಹಾಡು ಅರ್ಧಕ್ಕೆ ನಿಲ್ಲುವುದು, ಮತ್ತೊಂದು ಮೊದಲಾಗುವುದು. ಎಲ್.ಪಿ. ತಟ್ಟೆಯ ಕಾಲದಲ್ಲಿ ಹಲವು ಕಲಾವಿದರು ಅದರ ಎರಡೂ ಮುಖಗಳು ಸೇರಿ ದೊರೆಯುತ್ತಿದ್ದ ಸುಮಾರು ನಲವತ್ತು ನಿಮಿಷಗಳನ್ನು ಒಂದೇ ಕೃತಿಯೆಂದು ಭಾವಿಸಿ, ಆದಿ ಮಧ್ಯ ಅಂತ್ಯಗಳನ್ನು ಕಲ್ಪಿಸಿ ಕಟ್ಟಿದರು. ಅಂಥ 'ಆಲ್ಬಂ'ಗಳನ್ನು ಇಡಿಯಾಗಿ ಆಲಿಸಿದಾಗ ನಮಗಾದ ಅನುಭವವನ್ನು ಈ ತಿಂಗಳು ನಿವೇದಿಸುತ್ತೇವೆ.

ಮೊದಲನೆಯದು ನಮ್ಮ ದೇಶದ್ದೇ: 1967ರಲ್ಲಿ ಎಚ್.ಎಂ.ವಿ. ಹೊರತಂದ 'ಕಾಲ್ ಆಫ್ ದಿ ವ್ಯಾಲಿ'. ಶಿವಕುಮಾರ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ ಕಾಬ್ರಾ ಅವರ ಗಿಟಾರ್ ಇದರಲ್ಲಿ ಕೂಡಿವೆ. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವೇ ಇದರ ವಸ್ತು. ಮುಂಜಾವಿನ ಅಹೀರ್ ಭೈರವದಿಂದ ಹೊರಟು ಪೀಲೂ, ಭೂಪ್, ದೇಸ್‌ಗಳನ್ನು ದಾಟಿ ಪಹಾಡಿಯಲ್ಲಿ ಮುಗಿಯುತ್ತದೆ. ತಂತಿಗಳನ್ನು ಕಟ್ಟಿಗೆಯ ಪುಟ್ಟ ಕೋಲುಗಳಿಂದ ಬಡಿದು ನುಡಿಸುವ ಸಂತೂರಿನಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಸುಲಭವಲ್ಲ; ರಾಗಸಂಗೀತಕ್ಕೆ ಅದು ಒಗ್ಗದೆಂಬ ಆಕ್ಷೇಪಣೆಯಿತ್ತು. ಇಲ್ಲಿ ಆ ಕೊರತೆಯೇ ಗುಣವಾಗಿ, ಇಬ್ಬನಿ ಹನಿಹನಿಯಾಗಿ ಉದುರಿದಂತೆ ನಮ್ಮ ಕಿವಿಗೆ ಕೇಳಿಸಿತು. ಮನೆಯ ಮಕ್ಕಳು ಇದನ್ನು ಹಿಂದುಮುಂದಾಗಿ ನುಡಿಸಿದಾಗ ನಾವು ಹೇಳಿದ ಮಾತಿಷ್ಟೇ: "ಕುರಿಗಾಹಿ ಮನೆಗೆ ಮರಳಿದ ಮೇಲೆ ಬೆಳಗು ಮಾಡುತ್ತೀರಲ್ಲಪ್ಪಾ!"

ಎರಡನೆಯದು ಅಮೆರಿಕದ ಜಾಝ್ ಪದ್ಧತಿಯದು, ತುತ್ತೂರಿ ವಾದಕ ಮೈಲ್ಸ್ ಡೇವಿಸ್ಸರ 'ಕೈಂಡ್ ಆಫ್ ಬ್ಲೂ'. 1959ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಎರಡೇ ದಿನಗಳಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಣವಾದ ಕೃತಿಯಿದು. ಡೇವಿಸ್ಸರು ಸಹವಾದಕರಿಗೆ ಪೂರ್ಣ ಸ್ವರಲಿಪಿಯನ್ನು ಒಪ್ಪಿಸಲಿಲ್ಲ. ಸ್ವರಶ್ರೇಣಿಗಳ ಹಂದರವನ್ನಷ್ಟೇ ಕೊಟ್ಟರು. ಉಳಿದುದೆಲ್ಲ ಸ್ಥಳದಲ್ಲೇ ಹುಟ್ಟಬೇಕು. ರಾಗದ ಚೌಕಟ್ಟಿನೊಳಗೆ ಮನೋಧರ್ಮ ಅರಳುವುದನ್ನು ಬಲ್ಲ ನಮಗೆ ಇದು ತೀರ ಅಪರಿಚಿತವೆನಿಸಲಿಲ್ಲ. ಮೊದಲ ಕೃತಿಯಲ್ಲಿ ದಪ್ಪ ಕಂಠದ ತಂತಿವಾದ್ಯ ಪ್ರಶ್ನೆ ಕೇಳಿದಂತೆ ನುಡಿಯುತ್ತದೆ, ಉಳಿದವು ಎರಡೇ ಸ್ವರಗಳಲ್ಲಿ ಉತ್ತರವಿತ್ತು ಸುಮ್ಮನಾಗುತ್ತವೆ. ಆ ಸುಮ್ಮನಿರುವಿಕೆ ನಮ್ಮನ್ನು ಹಿಡಿದು ನಿಲ್ಲಿಸಿತು. ಒಬ್ಬರ ಮಾತು ಮುಗಿಯುವವರೆಗೆ ಮತ್ತೊಬ್ಬರು ಕಾಯುವ ಇಂಥ ಸಭೆ ನಮ್ಮ ಮನೆಗಳಲ್ಲಿಯೂ ನಡೆಯಬಾರದೆ ಎಂದು ಅನ್ನಿಸಿತು.

ಈ ಮುದ್ರಣ ನಡೆದ ಕೊಲಂಬಿಯಾ ಕಂಪನಿಯ ಸ್ಟುಡಿಯೋ ಹಿಂದೆ ಇಗರ್ಜಿಯಾಗಿದ್ದ ಕಟ್ಟಡ. ಅದೇ ಕೋಣೆಯಲ್ಲಿ 1955ರಲ್ಲಿ ಕೆನಡಾದ ಗ್ಲೆನ್ ಗೂಲ್ಡ್ ಎಂಬ 22 ವರ್ಷದ ಯುವಕ ಪಿಯಾನೋದಲ್ಲಿ ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ನುಡಿಸಿದ್ದ. 1741ರಲ್ಲಿ ಪ್ರಕಟವಾದ ಈ ಕೃತಿಯ ಆರಂಭದಲ್ಲಿ ಒಂದು ಸರಳ ಏರಿಯಾ, ಬಳಿಕ ಅದರ ತಳಹದಿಯ ಮೇಲೆ 30 ವಿಸ್ತಾರಗಳು, ಕೊನೆಗೆ ಮರಳಿ ಅದೇ ಏರಿಯಾ. 1981ರಲ್ಲಿ ಗೂಲ್ಡರು ಅದೇ ಸ್ಟುಡಿಯೋಗೆ ಬಂದು ಅದನ್ನೇ ಮತ್ತೊಮ್ಮೆ ನುಡಿಸಿದರು. ಮೊದಲ ಸಲ ಎರಡು ನಿಮಿಷದೊಳಗೆ ಮುಗಿದಿದ್ದ ಆರಂಭದ ಏರಿಯಾಕ್ಕೆ ಈ ಸಲ ಮೂರು ನಿಮಿಷ ಹಿಡಿಯಿತು. ಮರುವರ್ಷ ಅಕ್ಟೋಬರಿನಲ್ಲಿ, 50 ತುಂಬಿದ ಕೆಲವೇ ದಿನಗಳಲ್ಲಿ, ಅವರು ತೀರಿಕೊಂಡರು. ಯುವಕನ ವಾದನ ನಮ್ಮನ್ನು ಬೆರಗುಗೊಳಿಸಿತು. ಎರಡನೆಯದು ನಮ್ಮನ್ನು ಮೌನಗೊಳಿಸಿತು. ಅರುವತ್ತು ದಾಟಿದ ನಮಗೆ ಆ ನಿಧಾನವೇ ಹತ್ತಿರದ್ದು. ಕೊನೆಗೆ ಮರಳುವ ಏರಿಯಾದಲ್ಲಿ ಸ್ವರಗಳು ಮೊದಲಿನವೇ, ಆದರೆ ಕೇಳುವ ನಾವು ಮೊದಲಿನವರಾಗಿ ಉಳಿದಿರುವುದಿಲ್ಲ. ನಡುವಿನ ಮೂವತ್ತನ್ನು ಬಿಟ್ಟು ಕೊನೆಯನ್ನಷ್ಟೇ ಕೇಳಿದವರಿಗೆ ಈ ಲಾಭವಿಲ್ಲ.

ಎಲ್ಲವೂ ನಮಗೆ ಹಿಡಿಸಿದವೆಂದಲ್ಲ. ಲೋಕಪ್ರಸಿದ್ಧ ಬೀಟಲ್ಸ್ ತಂಡದ 1967ರ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಒಂದು ಜಾತ್ರೆಯಂತಿದೆ. ಹೆಜ್ಜೆಗೊಂದು ಅಂಗಡಿ, ಅಂಗಡಿಗೊಂದು ಬಣ್ಣ. ಎರಡನೆಯ ಮುಖದ ಮೊದಲಿಗೆ ಜಾರ್ಜ್ ಹ್ಯಾರಿಸನ್ನರು ಸಿತಾರ್, ದಿಲ್ರುಬಾ, ತಬಲಾಗಳೊಡನೆ ಹಾಡುವ ಗೀತೆ ಗಂಭೀರವಾಗಿದೆ. ಅದು ಮುಗಿದೊಡನೆ ನಗುವಿನ ಸದ್ದು ಕೇಳಿಬರುತ್ತದೆ. ಭಾರವನ್ನು ಹಗುರಗೊಳಿಸುವ ಉದ್ದೇಶವಿದ್ದೀತು. ನಮ್ಮ ಮನಸ್ಸು ಮಾತ್ರ ಆ ನಗೆಯನ್ನು ಒಪ್ಪಲಿಲ್ಲ. ಜಾತ್ರೆಯನ್ನು ಕಂಡು ಸಂತೋಷಪಟ್ಟೆವು. ಅಲ್ಲಿಯೇ ಬಿಡಾರ ಹೂಡಬೇಕೆನಿಸಲಿಲ್ಲ.

ಕೊನೆಯದು ನಮ್ಮನ್ನು ಬಹುವಾಗಿ ಕಲಕಿದ ಕೃತಿ. ಡೇವಿಸ್ಸರ ಆ ಸಭೆಯಲ್ಲಿ ಸ್ಯಾಕ್ಸೋಫೋನ್ ನುಡಿಸಿದ್ದ ಜಾನ್ ಕೋಲ್ಟ್ರೇನ್ ಮಾದಕ ವಸ್ತು ಮತ್ತು ಮದ್ಯದ ಸೆರೆಯಲ್ಲಿ ಸಿಲುಕಿ ನೊಂದವರು. 1957ರಲ್ಲಿ ದೈವಕೃಪೆಯಿಂದ ತಮಗೆ ಹೊಸ ಬದುಕು ತೆರೆಯಿತೆಂದು ತಾವೇ ಬರೆದುಕೊಂಡಿದ್ದಾರೆ. ಅದಕ್ಕೆ ಕೃತಜ್ಞತೆಯಾಗಿ 1964ರ ಡಿಸೆಂಬರ್ 9ರಂದು ಮುದ್ರಿಸಿ ದೇವರಿಗೆ ಸಮರ್ಪಿಸಿದ್ದು 'ಎ ಲವ್ ಸುಪ್ರೀಮ್'. ಇದರ ನಾಲ್ಕು ಭಾಗಗಳ ಹೆಸರುಗಳನ್ನು ಕನ್ನಡದಲ್ಲಿ ಅರಿವು, ಸಂಕಲ್ಪ, ಅನ್ವೇಷಣೆ, ಸ್ತುತಿ ಎನ್ನಬಹುದು. ಕೊನೆಯ ಭಾಗದಲ್ಲಿ ಕೋಲ್ಟ್ರೇನರು ತಾವೇ ರಚಿಸಿ ಹೊದಿಕೆಯೊಳಗೆ ಅಚ್ಚು ಹಾಕಿಸಿದ್ದ ಪ್ರಾರ್ಥನೆಯನ್ನು ಅಕ್ಷರ ಅಕ್ಷರವಾಗಿ ವಾದ್ಯದಲ್ಲಿ ನುಡಿಸುತ್ತಾರೆ. ಬಾಯಿಂದ ಒಂದು ಪದವೂ ಇಲ್ಲ. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡುವುದನ್ನು ಕೇಳಿದವರಿಗೆ ಮಾತು ಮತ್ತು ಸ್ವರ ಒಂದಾಗುವ ಬಗೆ ತಿಳಿದಿದೆ. ಇಲ್ಲಿ ಮಾತೇ ಕಾಣದಾಗಿ ಉಸಿರು ಮಾತ್ರ ಉಳಿದಿದೆ. ಭಾಷೆ ಬೇರೆ, ಧರ್ಮ ಬೇರೆ. ಆದರೂ ನಮ್ಮ ಕೈಗಳು ತಾವಾಗಿ ಜೋಡಿದವು. ಬಿದ್ದವನೊಬ್ಬ ಎದ್ದು ನಿಂತು ಸಲ್ಲಿಸಿದ ಕಾಣಿಕೆಗೆ ಭಾಷಾಂತರ ಬೇಕಾಗದು. ದುಶ್ಚಟಕ್ಕೆ ಬಿದ್ದ ಮಗನನ್ನು ನೆನೆದು ಕಣ್ಣೀರಿಡುವ ತಾಯಿತಂದೆಗಳು ನಮ್ಮ ಬಳಿ ಬರುತ್ತಾರೆ. ಅವರಿಗೆ ಈಚೆಗೆ ಈ ಕಥೆಯನ್ನೂ ಹೇಳುತ್ತಿದ್ದೇವೆ.

ಬಂಧುಗಳೆ, ಹೆಚ್ಚಿನ ಖರ್ಚಿನ ಮಾತಿಲ್ಲ. ವಾರಕ್ಕೊಂದು ಸಂಜೆ ದೂರದರ್ಶನವನ್ನು ಆರಿಸಿ, ಕಿವಿಗೆ ಸಿಕ್ಕಿಸಿದ ತಂತಿಗಳನ್ನು ತೆಗೆದಿರಿಸಿ, ಮನೆಮಂದಿಯೆಲ್ಲ ಕೂಡಿ ಒಂದೇ ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಆಲಿಸಿರಿ. ಅದು ಯಾವ ದೇಶದ್ದಾದರೂ ಆಗಲಿ. ಹಿಡಿಸಿತೋ ಇಲ್ಲವೋ ಎಂಬುದನ್ನು ಮುಗಿದ ಮೇಲೆ ಮಾತಾಡಿರಿ. ಹಾಗೆ ಕುಳಿತು ಕಲಿತ ಕಿವಿ, ಮನೆಯ ಹಿರಿಯರ ಮಾತನ್ನೂ ಮಕ್ಕಳ ಅಳಲನ್ನೂ ಅರ್ಧಕ್ಕೆ ತುಂಡರಿಸಲಾರದು.