ಬೀಗ ನೋಡಿ ನಂಬಬೇಡಿ

ನಮ್ಮ ನೆಕ್ರಾಜೆ ಕಡೆ ಗಲ್ಫ್ ನಂಟಿಲ್ಲದ ಬ್ಯಾರಿ ಮನೆ ಕಡಿಮೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ಮೊಬೈಲಲ್ಲಿ ಹುಡುಕಿ, ಮೊದಲು ಕಂಡದ್ದನ್ನೇ ಒತ್ತುತ್ತೇವೆ. ನಕಲಿ ಸೈಟುಗಳು ಮಾಹಿತಿ ಪಡೆದು ಹೆಚ್ಚು ಹಣ ಕೀಳುತ್ತವೆ ಎಂದು ವಿದೇಶಾಂಗ ಸಚಿವಾಲಯವೇ ಎಚ್ಚರಿಸಿದೆ.

“ಬೀಗದ ಗುರುತು ಇತ್ತಲ್ಲ!” ಅನ್ನುತ್ತಾರೆ. ಕಳ್ಳನ ಮನೆಗೂ ಬೀಗ ಇರುತ್ತದೆ. ಕಳಿಸಿದ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂದಷ್ಟೇ ಅದರ ಅರ್ಥ. ಆ ಕಡೆ ಕೂತವರು ಯಾರೆಂದು ಅದು ಹೇಳದು. ಜನ ತಪ್ಪು ತಿಳಿಯುತ್ತಾರೆಂದೇ 2023ರಲ್ಲಿ ಕ್ರೋಮ್ ಆ ಗುರುತನ್ನು ಬದಲಿಸಿತು.

ಕ್ರೋಮೋ ಫೈರ್‌ಫಾಕ್ಸೋ ಎಂಬ ಚರ್ಚೆ ನನಗೆ ದೊಡ್ಡದಲ್ಲ, ಅಪ್‌ಡೇಟ್ ಆಗಿರಲಿ. (ಉಮ್ಮನಿಗೆ ಕನ್ನಡ ಮೆನು ಎರಡರಲ್ಲೂ ಸಿಗುತ್ತದೆ.) ವಿಳಾಸ ಓದಿ: ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್. ಹಣ ಹೋಗಿಯೇಬಿಟ್ಟರೆ ನಾಚಿ ಮುಚ್ಚಿಡಬೇಡಿ, ಕೂಡಲೇ 1930ಕ್ಕೆ ಕರೆ ಮಾಡಿ.