ಒಂದು ಫಾಂಟಿಗಾಗಿ ಎರಡು ಓಎಸ್ಸು!

"ಉಬುಂಟು ಹಾಕ್ಕೊಂಡೀರಲ್ಲ, ಮತ್ಯಾಕ ವಿಂಡೋಸ್ ಇಟ್ಟೀರಿ?" ಅಂತ ಯಾರಾದರೂ ಕೇಳಿದರೆ ನನಗೆ ನಾಚಿಕೆಯಾಗುತ್ತದೆ. ಗೇಮ್ ಆಡೋಕ್ಕಲ್ಲ, ಟ್ಯಾಲಿಗೂ ಅಲ್ಲ. ನುಡಿಗೆ!

ಮೊನ್ನೆ ಹುಬ್ಬಳ್ಳಿಯ ಒಂದು ಸ್ಮರಣ ಸಂಚಿಕೆಗೆ ಲೇಖನ ಕಳಿಸಿದ್ದೆ. ಯುನಿಕೋಡಿನಲ್ಲಿ, ಉಬುಂಟುವಿನಲ್ಲೇ ಟೈಪಿಸಿದ್ದು. ಮರುದಿನ ಡಿಟಿಪಿ ಹುಡುಗನ ಫೋನು. "ಸರ್ರ, ಇದು ನಮ್ಮಲ್ಲಿ ನಡೆಯಂಗಿಲ್ರಿ. ನುಡಿಯೊಳಗ ಮಾಡಿ ಕಳಸ್ರಿ." ಸರಿ, ರೀಸ್ಟಾರ್ಟ್. ವಿಂಡೋಸ್ ಎದ್ದಿತು, ಗಡಿಯಾರ ಐದೂವರೆ ತಾಸು ಹಿಂದೆ. ಯಾರದೂ ತಪ್ಪಲ್ಲ ಬಿಡಿ. ಯಂತ್ರದ ಗಡಿಯಾರದಲ್ಲಿರೋದು ಗ್ರೀನಿಚ್ ಸಮಯ ಅಂತ ಲಿನಕ್ಸ್ ನಂಬುತ್ತೆ, ನಮ್ಮೂರ ಸಮಯ ಅಂತ ವಿಂಡೋಸ್ ನಂಬುತ್ತೆ. ಫಾಸ್ಟ್ ಸ್ಟಾರ್ಟಪ್ ಆರಿಸದೆ ವಿಂಡೋಸ್ ಮುಚ್ಚಿದರೆ ಇನ್ನೊಂದು ತಲೆನೋವು, ಅದರ ಡ್ರೈವುಗಳಿಗೆ ಲಿನಕ್ಸಿನಿಂದ ಏನೂ ಬರೆಯೋಕಾಗಲ್ಲ. 2024ರ ಆಗಸ್ಟಿನ ವಿಂಡೋಸ್ ಅಪ್‌ಡೇಟಂತೂ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದ ಹಾಗೆ ಮಾಡಿತ್ತು.

ಇಷ್ಟೆಲ್ಲ ಯಾತಕ್ಕೆ? ನುಡಿಯ ಹಳೇ ಫೈಲಿನಲ್ಲಿ "ಕನ್ನಡ" ಅಂತ ಇರೋದೇ ಇಲ್ಲ ಸ್ವಾಮಿ. ಅದರಲ್ಲಿರೋದು ಇಂಗ್ಲಿಷಿನ ಪಿ, ತಲೆ ಮೇಲೆ ಗೀರು ಹಾಕ್ಕೊಂಡ ಒಂದು ಎ, ಪೌಂಡಿನ ಗುರುತು, ಹೀಗೇ. ಫಾಂಟು ಅದರ ಮೇಲೆ ಕನ್ನಡದ ಮುಖವಾಡ ತೊಡಿಸುತ್ತೆ. ಫಾಂಟ್ ತೆಗೆದರೆ ಮುಖವಾಡ ಬಿತ್ತು. ಗೂಗಲ್‌ನಲ್ಲಿ ಹುಡುಕಿದರೂ ಆ ಬರಹ ಸಿಗಲ್ಲ. ಯುನಿಕೋಡಿಗೆ ಕನ್ನಡ ಸೇರಿದ್ದು 1991ರಲ್ಲಿ!

"ಲಿನಕ್ಸ್‌ನಲ್ಲಿ ಕನ್ನಡ ಟೈಪಿಸೋದು ಕಷ್ಟ" ಅನ್ನೋ ಗೆಳೆಯರಿಗೆ ಒಂದು ಮಾತು. ಐಬಸ್‌ನಲ್ಲಿ ಕೆಜಿಪಿ ವಿನ್ಯಾಸ ಇದೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು, ನುಡಿಯಲ್ಲಿ ಒತ್ತುವ ಕೀಲಿಗಳೇ. ಬೆರಳಿಗೆ ಹೊಸ ಪಾಠ ಏನೂ ಬೇಡ. ನುಡಿಯಲ್ಲೂ ಯುನಿಕೋಡ್ ಆಯ್ಕೆ ಬಂದು ವರ್ಷಗಳಾದವು.

ಡಿಟಿಪಿ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನದು ಪುಟಕ್ಕಿಷ್ಟು ಅಂತ ದುಡಿಮೆ, ಅಂಗಡಿಯಲ್ಲಿರೋದು ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಯುನಿಕೋಡ್ ಕನ್ನಡ ಅದಕ್ಕೆ ತಿಳಿಯೋದೇ ಇಲ್ಲ. ಇನ್‌ಡಿಸೈನ್ ಕೊಳ್ಳಲು ದುಡ್ಡಿಲ್ಲ ಅಂದರೆ ಸ್ಕ್ರೈಬಸ್ ಪುಕ್ಕಟೆ ಇದೆ. ಆದರೆ ಅವನು ಯಾಕೆ ಬದಲಾಗಬೇಕು ಹೇಳಿ? ನಾವು ಬರೆಯೋರು ಕೇಳಿದ ತಕ್ಷಣ ಹೂಂ ಅಂತ ನುಡಿ ಫೈಲ್ ಮಾಡಿ ಕಳಿಸ್ತೀವಲ್ಲ! ಬ್ಲಾಗಿನಲ್ಲಿ ಯುನಿಕೋಡ್ ಪುರಾಣ, ಪ್ರೆಸ್ಸಿನವರ ಮುಂದೆ ಬಾಲ ಮುದುರಿಕೊಳ್ಳೋದು. ನನ್ನನ್ನೂ ಸೇರಿಸಿಯೇ ಹೇಳ್ತಿದ್ದೀನಿ.

ಪರಿವರ್ತಕಗಳಿವೆ, ನಿಜ. ಅರ್ಕಾವೊತ್ತಿನ ಹತ್ತಿರ ಒಮ್ಮೊಮ್ಮೆ ಎಡವುತ್ತವೆ, ಕರಡು ಮತ್ತೆ ತಿದ್ದಬೇಕು. ಆ ತಿದ್ದುವ ಕೂಲಿ ಯಾವಾಗಲೂ ಲೇಖಕನ ತಲೆಗೇ.

ನನ್ನ ಹಳೇ ಪಿಸಿಯಲ್ಲಿ ಟಿಪಿಎಂ 2.0 ಇಲ್ಲ, ವಿಂಡೋಸ್ 11 ಹತ್ತೋದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂದರೆ ಬೀಗವಿಲ್ಲದ ಕೋಣೆಯೊಂದನ್ನು ಒಂದು ಫಾಂಟಿಗಾಗಿ ಕಾಯ್ತಾ ಕೂತಿದ್ದೀನಿ.

ಈ ಸಲ ನುಡಿಯಲ್ಲೇ ಮಾಡಿ ಕಳಿಸಿದೆ. ಮುಂದಿನ ಸಲ ಯುನಿಕೋಡ್ ಮಾತ್ರ, ಬೇಡವಾದರೆ ಲೇಖನ ಬಿಡಿ ಅಂತಲೂ ಹೇಳಿದೆ. "ನೋಡೋಣ ತಗೋರಿ ಸರ್ರ" ಅಂದ. ನೀವೂ ನಾಲ್ಕು ಜನ ಹೀಗೇ ಹೇಳ್ತೀರಾ? ಹೇಳೋದಾದರೆ ಈ ಭಾನುವಾರವೇ ಆ ಪಾರ್ಟಿಷನ್ ಅಳಿಸ್ತೀನಿ :-)